ಬಿಡುವು ಕೊಟ್ಟು ಬರೆಯುವುದು



ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಹೆಸರು ಕೇಳಿದರೆ ಹರಳು ಉಜ್ಜುವವರು ನೆನಪಾಗುತ್ತಾರೆ. ಕಡ್ಡಿಯ ತುದಿಗೆ ಅರಗಿನಿಂದ ಹರಳು ಅಂಟಿಸಿ, ತಿರುಗುವ ಚಕ್ರಕ್ಕೆ ಒತ್ತುತ್ತಾರೆ. ಎತ್ತಿ ನೋಡುತ್ತಾರೆ. ಮತ್ತೆ ಒತ್ತುತ್ತಾರೆ. ಒಂದೊಂದು ಮುಖಕ್ಕೂ ಅದರದೇ ಹೊತ್ತು ಬೇಕು. ಅವಸರಪಟ್ಟರೆ ಹರಳು ಕೆಡುತ್ತದೆ.

ಬರೆಯುವವರಿಗೂ ಇಂಥ ಹೊತ್ತು ಬೇಕಾಗುತ್ತದೆ. ವಾರವಾರವೂ ಅಂಕಣ ಬರೆಯುವವರಿಗೆ ಓದುಗರ ಪ್ರೀತಿ ಸಿಗುತ್ತದೆ, ನಿಜ. ಆದರೆ ಒಂದು ಬರಹ ಮುಗಿಯುವಷ್ಟರಲ್ಲಿ ಮುಂದಿನದು ಬಾಗಿಲು ತಟ್ಟುತ್ತದೆ. ಮನಸ್ಸಿನಲ್ಲಿರುವ ದೊಡ್ಡ ಪುಸ್ತಕ ಅಲ್ಲೇ ಉಳಿದುಬಿಡುತ್ತದೆ.

ಸಾಹಿತಿ ಮಾಸ್ತಿ ವೆಂಕಟೇಶ ಅಯ್ಯಂಗಾರರೂ ಅಲೀಪುರ ಸೇರಿದ್ದ ಹಳೆಯ ಕೋಲಾರ ಜಿಲ್ಲೆಯವರೇ. ಸರ್ಕಾರಿ ಕೆಲಸ ಬಿಟ್ಟ ಮೇಲೆ, 1944ರಲ್ಲಿ ‘ಜೀವನ’ ಪತ್ರಿಕೆಯ ಸಂಪಾದಕರಾದರು. 1965ರವರೆಗೂ ನಡೆಸಿದರು. ನಡುವೆ, 1956ರಲ್ಲಿ ‘ಚಿಕವೀರ ರಾಜೇಂದ್ರ’ ಕಾದಂಬರಿ ಬಂತು. ಅಂಥ ಶಕ್ತಿ ಎಲ್ಲರಿಗೂ ಇರುವುದಿಲ್ಲ ಬಿಡಿ! ಆದರೆ ಮೂರು ಸಂಪುಟಗಳ ಆತ್ಮಕಥೆ ‘ಭಾವ’ ಬಂದದ್ದು ಪತ್ರಿಕೆಯ ಹೊರೆ ಇಳಿದ ಮೇಲೆ. ಆಗ ಅವರಿಗೆ ಎಪ್ಪತ್ತೈದು ದಾಟಿತ್ತು.

ಅವರು ಪತ್ರಿಕೆ ಬಿಟ್ಟಾಗ ಅದರ ಓದುಗರಿಗೆ ಬೇಸರವಾಗಿರಲೇಬೇಕು. ಆ ಬೇಸರಕ್ಕೂ ಬೆಲೆಯಿದೆ. ಆದರೂ ನನ್ನನ್ನು ಕೇಳಿದರೆ, ‘ಭಾವ’ದಂಥ ಪುಸ್ತಕಕ್ಕಾಗಿ ಒಂದಷ್ಟು ಸಂಚಿಕೆ ತಪ್ಪಿದರೆ ನಷ್ಟವೇನಿಲ್ಲ.

ನಿಮ್ಮ ಮೆಚ್ಚಿನ ಲೇಖಕರು ಅಂಕಣಕ್ಕೆ ಬಿಡುವು ಕೊಟ್ಟಿದ್ದಾರೆಯೇ? ಯಾಕೆ ನಿಲ್ಲಿಸಿದಿರಿ ಎಂದು ಕೇಳಬೇಡಿ. ಈಗ ಏನು ಬರೆಯುತ್ತಿದ್ದೀರಿ ಎಂದು ಕೇಳಿ.