ಬಳ್ಳಿಯ ನೆರಳು
(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ಹಿತ್ತಾಳೆ ತಟ್ಟೆ ಉಜ್ಜಿದವರಿಗೆ ಗೊತ್ತು, ನಕಾಶಿಯ ಸಂದಿನಲ್ಲಿ ಹುಣಸೆಹುಳಿ ನಿಂತರೆ ಬೇಗ ಬಿಡದು. ಆ ಸಂದು ಕೊರೆದವನೂ ನಮ್ಮಂಥ ಕೂಲಿಯವನೇ. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಎಷ್ಟೋ ಮನೆಗಳಿಗೆ ಈ ಹಿತ್ತಾಳೆ ಕೆಲಸವೇ ಅನ್ನ.

ಸುರುಳಿಬಳ್ಳಿಗೆ ಮೊದಲು ಬೆನ್ನಿನ ಗೆರೆ ಬೇಕು. ಹಾವು ಸುತ್ತಿದ ಹಾಗೆ ಒಳಕ್ಕೆ ಹೋಗುತ್ತಾ ಬಿಗಿಯಾಗಬೇಕು, ಎಲ್ಲಿಯೂ ಮುರಿಯಬಾರದು. ಅದು ಕೆಟ್ಟರೆ ಮೇಲೆ ಎಷ್ಟು ಎಲೆ ಬಿಡಿಸಿದರೂ ಕೆಟ್ಟದ್ದೇ. ಎಲೆಗಳು ಬಳ್ಳಿ ಬೆಳೆಯುವ ದಿಕ್ಕಿಗೇ ಕವಲೊಡೆಯಬೇಕು.

ಆಮೇಲೆ ನೆರಳು. ಬರಿ ಕೊರೆತದ ಕೆಲಸದಲ್ಲಿ ಬಣ್ಣವಿಲ್ಲ, ಗೆರೆಯೇ ಮಸಿ. ಒತ್ತಾಗಿ ಕೊರೆದಲ್ಲಿ ಕಪ್ಪು, ವಿರಳವಾದಲ್ಲಿ ಬೆಳಕು. ಉಳಿಯ ಮೊನೆ ಚೂಪು, ಮೇಲೆ ಅಗಲ. ಆಳಕ್ಕೆ ಇಳಿದಷ್ಟೂ ಗೆರೆ ದಪ್ಪ. ಎಲೆಯ ಬುಡದಲ್ಲಿ ಒತ್ತಿ, ತುದಿಗೆ ಬರುತ್ತ ಮೆಲ್ಲಗೆ ಎತ್ತಬೇಕು; ಗೆರೆ ಕೂದಲಾಗಿ ಮಾಯವಾಗಬೇಕು. ಗೆರೆಗಳೆಲ್ಲ ಎಲೆಯ ಬಾಗಿನ ಜೊತೆಗೇ ಬಾಗಬೇಕು. ಒಂದೆಲೆ ಇನ್ನೊಂದರ ಅಡಿಗೆ ಹೋಗುವಲ್ಲಿ ನೆರಳು ಗಾಢ. ಆಗಲೇ ಚಪ್ಪಟೆ ಹಿತ್ತಾಳೆ ಉಬ್ಬಿದಂತೆ ಕಾಣುವುದು. ಬಾಗು ಬಂದಲ್ಲಿ ಉಳಿಗಿಂತ ಹೆಚ್ಚಾಗಿ ತಟ್ಟೆಯನ್ನೇ ತಿರುಗಿಸುವುದು ಪಳಗಿದವರ ರೀತಿ. ತಪ್ಪಿದ ಗೆರೆಯನ್ನು ಅಳಿಸಲು ರಬ್ಬರಿಲ್ಲ, ನೋಡಿ!

ಹೆಚ್ಚು ಹೊತ್ತು ಹಿಡಿಯುವುದು ಈ ನೆರಳಿಗೇ. ನಗಕ್ಕಿಷ್ಟು ಎಂದು ಕೂಲಿ ಕಟ್ಟಿದರೆ ಮೊದಲು ಸಾಯುವುದೂ ಇದೇ. ಹತ್ತು ಗೆರೆಯ ಜಾಗದಲ್ಲಿ ನಾಲ್ಕು ಎಳೆದು ಮುಂದಿನ ತಟ್ಟೆಗೆ ಕೈ ಹಾಕದಿದ್ದರೆ ಅವನ ಒಲೆ ಹೊತ್ತದು. ಹಳಬರ ಕೈ ಈಗಿನವರಿಗಿಲ್ಲ ಎಂದು ದೂರುವವರುಂಟು. ಕೈ ಇದೆ ಸ್ವಾಮಿ, ಹೊತ್ತಿಗೆ ದುಡ್ಡು ಕೊಡುವವರಿಲ್ಲ. ಗಿರಣಿಯಲ್ಲಿ ತುಂಡು ಲೆಕ್ಕದ ಕೂಲಿ ಕಂಡವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕೇ?

ಅಂಗಡಿಯಲ್ಲಿ ನಕಾಶಿ ತಟ್ಟೆ ಕೈಗೆ ಬಂದರೆ ಎಲೆಯ ಬುಡ ನೋಡಿ, ಗೆರೆ ಎಣಿಸಿ. ಚೌಕಾಶಿ ಆಮೇಲೆ.