ವರ್ಷಕ್ಕೆ 9 ದಿನ



ಬಿ.ಇ. ಮುಗಿಸಿ ಬೆಂಗಳೂರು ಸೇರಿದಾಗ ಯಶಸ್ಸೆಂದರೆ ಸಂಬಳ ಎಂದುಕೊಂಡಿದ್ದೆ. ಸಂಬಳವೇನೋ ಬಂತು. ಹೋದ ಯುಗಾದಿಗೆ ಸುಮ್ಮನೆ ಲೆಕ್ಕ ಹಾಕಿದೆ. ವರ್ಷದಲ್ಲಿ ನಾನು ಊರಿನಲ್ಲಿದ್ದದ್ದು 9 ದಿನ. ಅಪ್ಪನಿಗೆ 70. ಹೀಗೇ ಆದರೆ ಇನ್ನು 10 ವರ್ಷಕ್ಕೆ ಅವರ ಜೊತೆ ಸಿಗುವುದು 90 ದಿನ, ಮೂರೇ ತಿಂಗಳು! ಇದೇ ಶಾಲೆಯಲ್ಲಿ ಕಲಿತ ಗುಣಾಕಾರ. ಅವತ್ತು ನಿದ್ದೆ ಬರಲಿಲ್ಲ.

ಆಮೇಲೆ ಮ್ಯಾನೇಜರ್ ಹುದ್ದೆ ಬಂತು. ಭಾನುವಾರವೂ ಫೋನ್ ಬಿಡುವಂತಿಲ್ಲದ ಕೆಲಸ. ಬೇಡವೆಂದೆ. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮನೆ ಸಾಲ ಇನ್ನೂ 14 ವರ್ಷ ಇದೆ, ಅವಳದೂ ತಪ್ಪಲ್ಲ.

ಈಗ ತಿಂಗಳಿಗೆ ಎರಡು ಶುಕ್ರವಾರ ರಾತ್ರಿ ಬಸ್ಸು ಹತ್ತುತ್ತೇನೆ. ಮೊದಲ ಸಲ ಬಂದಾಗ ಅಪ್ಪ ಗಾಬರಿಯಾಗಿ, "ಯಾಕೋ, ಕೆಲಸ ಹೋಯ್ತಾ?" ಎಂದರು. ಮೊನ್ನೆ ಏನೂ ಕೇಳಲಿಲ್ಲ. ಹಾಲಿನ ಚೊಂಬು ಕೈಗಿಟ್ಟು ಕೊಟ್ಟಿಗೆಗೆ ಕಳಿಸಿದರು.