ಸರಾಸರಿ ಕಿವಿ ಸಾಲದು



ವರ್ಚುವಲ್ ರಿಯಾಲಿಟಿಗೆ ಧ್ವನಿ ಕಟ್ಟುವ ನಾವು ಸರಾಸರಿ ಕೇಳುಗನೊಬ್ಬನನ್ನು ಕಲ್ಪಿಸಿಕೊಂಡು ಕೆಲಸ ಮಾಡುತ್ತಿದ್ದೇವೆ. ಅಂಥ ಕೇಳುಗ ಎಲ್ಲೂ ಇಲ್ಲ. ಅವರವರ ಕಿವಿಗೆ ಹೊಂದುವ ಧ್ವನಿಯನ್ನು ದುಬಾರಿ ಸೌಕರ್ಯವೆಂದು ಬದಿಗಿಡದೆ, ನಮ್ಮ ಕಸುಬಿನ ಮೂಲ ಅಗತ್ಯವೆಂದು ಒಪ್ಪಿಕೊಳ್ಳಬೇಕು.

ಶಬ್ದ ಎಡದ್ದೋ ಬಲದ್ದೋ ಎಂಬುದು ಹೇಗೆ ತಿಳಿಯುತ್ತದೆಂದು ಲಾರ್ಡ್ ರೇಲೀ 1907ರಲ್ಲೇ ವಿವರಿಸಿದ್ದರು. ಒಂದು ಕಿವಿಗೆ ಅದು ಕೊಂಚ ಮೊದಲು ಮುಟ್ಟುತ್ತದೆ, ಕೊಂಚ ಜೋರಾಗಿಯೂ ಮುಟ್ಟುತ್ತದೆ. ಆ ಕಾಲದ ಅಂತರ ಒಂದು ಮಿಲಿಸೆಕೆಂಡನ್ನೂ ತಲುಪುವುದಿಲ್ಲ. ಆದರೆ ಶಬ್ದ ನೇರ ಮುಂದೆಯೋ ಬೆನ್ನ ಹಿಂದೆಯೋ ನೆತ್ತಿಯ ಮೇಲೋ ಇದ್ದರೆ ಎರಡು ಕಿವಿಗಳ ನಡುವೆ ವ್ಯತ್ಯಾಸವೇ ಉಳಿಯದು. ಆಗ ನೆರವಿಗೆ ಬರುವುದು ಹೊರಕಿವಿಯ ಮಡಿಕೆಗಳು. ಶಬ್ದ ಬಂದ ದಿಕ್ಕಿಗೆ ತಕ್ಕಂತೆ ಅವು ಕೆಲವು ಮೇಲ್ಕಂಪನಗಳನ್ನು ಹೆಚ್ಚಿಸುತ್ತವೆ, ಕೆಲವನ್ನು ತಗ್ಗಿಸುತ್ತವೆ. ಮಡಿಕೆಗಳು ಒಬ್ಬರಂತೆ ಇನ್ನೊಬ್ಬರಿಗಿಲ್ಲ. ಎಚ್‌ಆರ್‌ಟಿಎಫ್ ಎಂದು ನಾವು ಅಳೆಯುವುದು, ದಿಕ್ಕಿಗೆ ತಕ್ಕಂತೆ ಶಬ್ದ ಬದಲಾಗುವ ಈ ಬಗೆಯನ್ನೇ. ಎಂಐಟಿ 1994ರಲ್ಲಿ ಕೆಮಾರ್ ಎಂಬ ಬೊಂಬೆಯ ತಲೆಯಿಂದ ತೆಗೆದ ಅಳತೆಗಳನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಅದು ದೊಡ್ಡ ಉಪಕಾರ. ಆದರೂ ಬೊಂಬೆಯ ಕಿವಿ ಬೊಂಬೆಯದೇ. ಎಲಿಜಬೆತ್ ವೆಂಜಲ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇರೆಯವರ ಕಿವಿಯ ಅಳತೆಯಲ್ಲಿ ಆಲಿಸಿದವರು ಎಡ-ಬಲವನ್ನು ಸಾಕಷ್ಟು ಸರಿಯಾಗಿ ಗುರುತಿಸಿದರು. ಮುಂದೆ-ಹಿಂದೆಯ ಗೊಂದಲ ಮಾತ್ರ ಹೆಚ್ಚಿತು.

ನನ್ನ ಈ ವಾದಕ್ಕೆ ಬಲವಾದ ಆಕ್ಷೇಪಗಳಿವೆ, ಅವನ್ನು ಹಗುರವಾಗಿ ತಳ್ಳಿಹಾಕಲಾರೆ. ತಲೆ ಹೊರಳಿಸಿದರೆ ಗೊಂದಲ ಹರಿಯುತ್ತದೆ ಎಂದು ವಾಲಾಕ್ 1940ರಲ್ಲೇ ತೋರಿಸಿದ್ದಾರೆ. ಇಂದಿನ ಹೆಡ್‌ಸೆಟ್ ತಲೆಯ ಚಲನೆಯನ್ನು ಹಿಂಬಾಲಿಸುತ್ತದೆ. ನಿಜ, ಆದರೆ ಶಬ್ದ ಅಷ್ಟು ಹೊತ್ತು ಉಳಿದಿರಬೇಕು. ಹಿಂದೆ ಫಟ್ಟನೆ ಮುರಿದ ಕಡ್ಡಿಯ ಸದ್ದು ಕತ್ತು ತಿರುಗುವಷ್ಟರಲ್ಲಿ ಮುಗಿದಿರುತ್ತದೆ. ಇನ್ನೂ ಕಠಿಣವಾದ ಆಕ್ಷೇಪ 2001ರದು. ಡುರಾಂಡ್ ಬೆಗಾಲ್ಟ್, ವೆಂಜಲ್ ಮತ್ತು ಆಂಡರ್ಸನ್ ತಲೆಯ ಚಲನೆ, ಪ್ರತಿಧ್ವನಿ, ಸ್ವಂತ ಕಿವಿಯ ಅಳತೆ ಈ ಮೂರನ್ನೂ ಒಟ್ಟಿಗೆ ಹೋಲಿಸಿದಾಗ, ತಲೆಯ ಚಲನೆಯನ್ನು ಅನುಸರಿಸಿದ್ದರಿಂದ ಮುಂದೆ-ಹಿಂದೆಯ ಗೊಂದಲ ಇಳಿಯಿತು, ಕೋಣೆಯ ಪ್ರತಿಧ್ವನಿ ಸೇರಿಸಿದ್ದರಿಂದ ಶಬ್ದ ತಲೆಯೊಳಗಿಂದ ಹೊರಗೆ ಬಂದಂತೆ ಕೇಳಿತು. ಸ್ವಂತ ಕಿವಿಯ ಅಳತೆಯಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಈ ಫಲಿತಾಂಶವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅಲ್ಲಿ ಕೇಳಿಸಿದ್ದು ಮನುಷ್ಯರ ಮಾತು. ಮಾತಿನ ಶಕ್ತಿ ಹೆಚ್ಚಾಗಿ ಕೆಳಗಿನ ಕಂಪನಗಳಲ್ಲಿದೆ, ಕಿವಿಯ ಮಡಿಕೆಗಳು ಕೆಲಸ ಮಾಡುವುದು ಮೇಲಿನವುಗಳಲ್ಲಿ. ಸಂಭಾಷಣೆಗೆ ಸಾಲುವ ಉಪಾಯ ಮಳೆಗೆ, ಎಲೆಗಳ ಸರಸರಕ್ಕೆ, ತಲೆಯ ಮೇಲೆ ಹಾರುವ ಹಕ್ಕಿಗೆ ಸಾಲದು.

ಮಿದುಳು ಹೊಸ ಕಿವಿಗೆ ಒಗ್ಗಿಕೊಳ್ಳುತ್ತದಲ್ಲ ಎನ್ನುವವರಿದ್ದಾರೆ. 1998ರಲ್ಲಿ ಹಾಫ್‌ಮನ್, ವಾನ್ ರಿಸ್ವಿಕ್ ಮತ್ತು ವಾನ್ ಆಪ್‌ಸ್ಟಲ್ ಕೇಳುಗರ ಕಿವಿಯೊಳಗೆ ಅಚ್ಚು ಕೂರಿಸಿ ಕಿವಿಯ ಆಕಾರ ಬದಲಿಸಿದರು. ಎತ್ತರ ಗುರುತಿಸುವ ಶಕ್ತಿ ತಕ್ಷಣ ಕೆಟ್ಟಿತು, ಮರಳಿ ಬಂತು; ಆದರೆ ಹಗಲಿಡೀ ಅಚ್ಚು ಧರಿಸಿ ವಾರಗಟ್ಟಲೆ ಓಡಾಡಿದ ಮೇಲೆ. ಅರ್ಧ ಗಂಟೆ ಹೆಡ್‌ಸೆಟ್ ತೊಡುವವರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ರಸ್ತೆ ದಾಟುವ ಅಭ್ಯಾಸಕ್ಕೆಂದು ಇಂಥ ಧ್ವನಿಯನ್ನು ಬಳಸುವ ಅಂಧರಿಗಂತೂ ಮುಂದೆ-ಹಿಂದೆ ಅದಲುಬದಲಾಗುವುದು ಅಪಾಯದ ಪಾಠ.

ಉಳಿಯುವುದು ಖರ್ಚಿನ ಪ್ರಶ್ನೆ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿಪಿಕ್ ಸಂಗ್ರಹದಲ್ಲಿ ಒಂದೊಂದು ತಲೆಗೂ 1250 ದಿಕ್ಕುಗಳ ಅಳತೆಯಿದೆ; ಮನೆ ಮನೆಗೆ ಅದು ಆಗದ ಮಾತು. ಕಿವಿಯ ಚಿತ್ರಗಳಿಂದ ಅಳತೆಯನ್ನು ಅಂದಾಜಿಸುವ ದಾರಿ ಈಗ ತೆರೆದಿದೆ, ಅಳತೆಗಳನ್ನು ಹಂಚಿಕೊಳ್ಳಲು 2015ರಿಂದ ಎಇಎಸ್69 ಮಾನಕವೂ ಇದೆ. ಕಿವಿಯ ಆಕಾರದಿಂದ ವ್ಯಕ್ತಿಯನ್ನೇ ಗುರುತಿಸಬಹುದು ಎಂಬ ಆತಂಕ ಸಕಾರಣವಾದದ್ದು. ಆದ್ದರಿಂದ ಈ ಸಮ್ಮೇಳನದ ಮುಂದೆ ಒಂದು ಬೇಡಿಕೆ ಇಡುತ್ತೇನೆ: ಅಳತೆಯ ಕಡತ ಕೇಳುಗರ ಬಳಿಯೇ ಇರಲಿ, ಯಾವ ಕಂಪನಿಯ ಹೆಡ್‌ಸೆಟ್ಟಿಗೂ ಅವರೇ ಅದನ್ನು ಒಯ್ಯುವಂತಿರಲಿ, ನಾವು ಕಟ್ಟುವ ಪ್ರತಿಯೊಂದು ಕೃತಿಯೂ ಅದನ್ನು ಸ್ವೀಕರಿಸುವಂತಿರಲಿ.